ನೋವು ತಾಗದ ದೇಹ

ಗುರುಗಳು ಎದ್ದು ಹೋದ ಕುರ್ಚಿಯ ತಲೆದಿಂಬಿಗೆ ಅಂಟಿದ ಎಣ್ಣೆಯ ಕಲೆ ಸ್ಪಿರಿಟ್ ಹಾಕಿ ಉಜ್ಜಿದರೂ ಹೋಗುತ್ತಿಲ್ಲ, ಮೇಲೆ ಸುಗಂಧ, ಅದರಡಿ ಕೊಳೆತ ಹಲ್ಲಿನ ನಾತ, ಇಪ್ಪತ್ತೆರಡು ವರ್ಷ ಹಲ್ಲಿನ ಡಾಕ್ಟರಾಗಿ ಬೇರೆಯವರ ಬಾಯೊಳಗೇ ಬದುಕಿದವಳಿಗೆ ನಾತವೇನು ಹೊಸದೇ, ಆದರೆ ಈ ಬಾಯಿ, ಭಾನುವಾರ ಭಾನುವಾರ ಎರಡೆರಡು ಗಂಟೆ ಪ್ರವಚನ ಸುರಿಯುವ ಬಾಯಿ, ಅಮ್ಮ ಮುಂದಿನ ಸಾಲಿನಲ್ಲಿ ಕುಳಿತು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ, ಅಪ್ಪ ಹೋದಮೇಲೆ ಶುರುವಾದದ್ದು, ಹೋಗಲಿ, ಅಮ್ಮನಿಗೆ ಹೊತ್ತು ಹೋಗುತ್ತದೆ ಎಂದು ತಾನೇ ಕಾರಿನಲ್ಲಿ ಬಿಟ್ಟು ಬರುತ್ತಿದ್ದಳಲ್ಲ — ಹೊತ್ತು ಹೋಯಿತು, ಹಿಂದೆಯೇ ಮಾತ್ರೆಯೂ ಹೋಯಿತು, ಇಪ್ಪತ್ತು ದಿನದಿಂದ ಅಮ್ಮ ಬಿಪಿ ಮಾತ್ರೆ ಮುಟ್ಟಿಲ್ಲ, ನಾನಿರುವಾಗ ನಿಂಗ್ಯಾಕೆ ಭಯ ಅಂದರಂತೆ ಗುರುಗಳು, ನಿನ್ನೆ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ನೂರ ತೊಂಬತ್ತು, ಅಮ್ಮ ಇದು ಆಟ ಅಲ್ಲ, ಹೋಗೇ, ನಿನ್ನ ಮೆಷೀನೇ ಕೆಟ್ಟಿದೆ, ನಾನು ಗುಂಡುಕಲ್ಲಿನ ಹಾಗಿದೀನಿ.

ಇವತ್ತು ಅವರನ್ನು ಕರೆತಂದವಳೂ ಅಮ್ಮನೇ, ನನ್ನ ಮಗಳ ಕೈಗುಣ ನೋಡಿ ಎಂದು ಹೇಳಿ ಹೇಳಿ, ಬೆನ್ನಿಗೆ ಆರು ಜನ ಭಕ್ತರು, ಹೊರಗಿನ ಕೋಣೆಯಲ್ಲಿ ಖಾಲಿ ಬೆಂಚುಗಳಿದ್ದರೂ ನಿಂತೇ ಇದ್ದರು, ಗುರುಗಳಿಗೆ ನೋವಿರುವಾಗ ತಾವು ಕೂರಬಾರದಂತೆ, ಬೋಳುತಲೆಯ ಕಾರ್ಯದರ್ಶಿ ಮಾತ್ರ ಅವಳನ್ನು ಬಾಗಿಲಲ್ಲೇ ತಡೆದು, ಸೂಜಿ ಗೀಜಿ ಬೇಡ ಡಾಕ್ಟ್ರೇ, ಗುರುಗಳಿಗೆ ದೇಹದ ನೋವು ತಾಗೋದಿಲ್ಲ, ಸುಮ್ನೆ ಕಿತ್ತುಬಿಡಿ — ಬಾಗಿಲು ಮುಚ್ಚಿದ್ದೇ ತಡ, ಆ ನೋವು ತಾಗದ ದೇಹ ಅವಳ ಏಪ್ರನ್ನಿನ ತುದಿ ಹಿಡಿದುಕೊಂಡಿತು, ಎರಡು ಸೂಜಿ ಹಾಕಮ್ಮ, ಮೂರಾದ್ರೂ ಸರಿ, ಹೊರಗೆ ಮಾತ್ರ ಗೊತ್ತಾಗ್ಬಾರ್ದು, ಬೆವೆತ ಬೆರಳು, ಉದ್ದ ಬೆಳೆಸಿದ ಉಗುರು, ಹಲ್ಲು ಕೀಳುವ ಮೊದಲು ಎಲ್ಲರನ್ನೂ ಕೇಳುವುದನ್ನೇ ಕೇಳಿದಳು, ದಿನಾ ಏನಾದ್ರೂ ಮಾತ್ರೆ ತಗೋತೀರಾ, ಹೂಂ, ಬಿಪಿದು, ಬೆಳಿಗ್ಗೆ ಒಂದು, ಆರು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ ಎಂದು ಜೇಬಿನಿಂದ ತೆಗೆದು ತೋರಿಸಿದರು, ಅದೇ ಬೆಳ್ಳಿ ಹಾಳೆ, ಅದೇ ಹೆಸರು, ಅಮ್ಮ ನುಂಗುತ್ತಿದ್ದ ಮಾತ್ರೆಯೇ, ನಮ್ಮಮ್ಮನಿಗೆ ಬಿಡ್ಸಿ ನೀವು ನುಂಗ್ತಿದೀರಾ, ಅಯ್ಯೋ ನಾನು ಮಾತ್ರೆ ಬಿಡು ಅಂದಿಲ್ಲಮ್ಮ, ಭಯ ಬಿಡು ಅಂದೆ, ಅವರು ಹಾಗೆ ತಿಳ್ಕೊಂಡ್ರು, ಸರಿ, ಹೊರಗೆ ಹೋಗಿ ಅದನ್ನೇ ಹೇಳಿ, ಒಂದು ಮಾತು ಸಾಕು, ಹೇಗೆ ಹೇಳ್ಲಿ, ಇವರಿಗೆ ಹೇಳಿದ್ರೆ ನಾಳೆ ಎಲ್ಲರೂ ಬಂದು ಕೇಳ್ತಾರೆ, ಎಷ್ಟು ಜನ ಬಿಟ್ಟಿದಾರೋ ನಂಗೇ ಗೊತ್ತಿಲ್ಲ — ಮಾತಿನ ನಡುವೆ ಚುಚ್ಚಿದ ಸೂಜಿಗೆ ಆಗಲೇ ಮರಗಟ್ಟುತ್ತಿದ್ದ ತುಟಿಯಿಂದ ಜೊಲ್ಲು ಇಳಿದು ಗಡ್ಡಕ್ಕೆ ಸೇರುತ್ತಿತ್ತು, ನಂಗೇ ಗೊತ್ತಿಲ್ಲ, ಮಳೆ ಬರುತ್ತೋ ಇಲ್ಲವೋ ಎನ್ನುವ ಧಾಟಿಯಲ್ಲಿ, ಅವಳು ಇಕ್ಕಳ ತೆಗೆದುಕೊಂಡಳು, ನೋಯಿಸಬಹುದಿತ್ತು, ನೋಯಿಸಲಿಲ್ಲ, ಕೈ ತನ್ನ ಪಾಡಿಗೆ ತಾನು ಅಚ್ಚುಕಟ್ಟಾಗಿ ಕೆಲಸ ಮಾಡಿತು, ಬೇರಿನ ತುದಿಯಲ್ಲಿ ಕೀವಿನ ಚೀಲ ಜೋತುಕೊಂಡೇ ಹಲ್ಲು ಈಚೆ ಬಂತು.

ಬಾಗಿಲು ತೆರೆದರೆ ಬೋಳುತಲೆ ಆಗಲೇ ಸಾರುತ್ತಿದ್ದಾನೆ, ಒಂದು ಕೂಗಿಲ್ಲ, ಒಂದು ನರಳಾಟ ಇಲ್ಲ, ಸೂಜಿಯೂ ಇಲ್ಲದೆ, ಗುರುಗಳು ಹತ್ತಿ ಕಚ್ಚಿಕೊಂಡು, ಅರ್ಧ ಮುಖ ಜೋತು ಬಿದ್ದು, ಅಲ್ಲ ಎನ್ನಲಿಲ್ಲ, ಕೈ ಎತ್ತಿ ಹರಸಿದರು, ಅಮ್ಮ ಅಳುತ್ತಿದ್ದಳು, ಅವಳು ಅಮ್ಮನ ರಟ್ಟೆ ಹಿಡಿದು ಮೂಲೆಗೆ ಎಳೆದಳು, ರೋಗಿಯ ಗುಟ್ಟು ಹೊರಗೆ ಹಾಕಬಾರದು, ಹಾಕಿದಳು, ಅವರೂ ಬಿಪಿ ಮಾತ್ರೆ ನುಂಗ್ತಾರಮ್ಮ, ದಿನಾ, ನಿಂದೇ ಮಾತ್ರೆ, ಕಣ್ಣಾರೆ ನೋಡ್ದೆ, ಅಮ್ಮ ಕಣ್ಣೊರೆಸಿಕೊಂಡು ನಕ್ಕಳು, ನುಂಗ್ಲೇಬೇಕಲ್ಲೇ ಪಾಪ, ನನ್ನ ಪಾಲಿಂದೂ ಅವರೇ ನುಂಗ್ತಿದಾರೆ, ಅದಕ್ಕೇ ನಂಗೆ ಬೇಡ — ಮುಗಿಯಿತು, ಹೇಳಿದ ನಿಜವನ್ನೇ ತುತ್ತು ಮಾಡಿ ನುಂಗಿ ಕೂತಿತು ಆ ನಂಬಿಕೆ, ಇನ್ನು ಉಳಿದದ್ದೇನು, ಅವಳು ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, ಗುರುಗಳು ಒಳಗೆ ನನ್ನ ಹತ್ರ ಹೇಳಿದಾರೆ, ನಿಮ್ಮ ಪರೀಕ್ಷೆ ಮುಗೀತಂತೆ, ಮಾತ್ರೆ ಬಿಟ್ಟವರೆಲ್ಲ ಇವತ್ತಿಂದ ಮತ್ತೆ ತಗೋಬೇಕಂತೆ, ಅಪ್ಪಣೆ ಆಗಿದೆ — ಅಪ್ಪಣೆ, ಎಲ್ಲಿಂದ ಬಂತು ಆ ಪದ, ಆ ಧ್ವನಿ, ತಗ್ಗಿಸಿದ, ನಿಧಾನದ, ಥೇಟ್ ಅವರದೇ ಧ್ವನಿ, ಗುರುಗಳು ಹತ್ತಿ ಕಚ್ಚಿಕೊಂಡೇ ಅವಳನ್ನು ನೋಡಿದರು, ಕಳ್ಳ ಇನ್ನೊಬ್ಬ ಕಳ್ಳನನ್ನು ಗುರುತಿಸಿದ ನೋಟ, ಕಣ್ಣು ಮುಚ್ಚಿ ತಲೆಯಾಡಿಸಿದರು, ಬೋಳುತಲೆ ಹತ್ತಿರ ಬಂದು ಮೆಲ್ಲಗೆ, ನಂಗೂನಾ ಡಾಕ್ಟ್ರೇ, ನಂದು ಶುಗರ್‌ದು, ಎರಡು ತಿಂಗಳಾಯ್ತು ಬಿಟ್ಟು, ನಿಮಗೂ ಅಂದಳು, ಅವನ ಮುಖದಲ್ಲಿ ಬಿಡುಗಡೆ, ಅಂದರೆ ಅವನೂ ಹೆದರಿದ್ದ, ಇಷ್ಟು ದಿನವೂ ಒಳಗೊಳಗೇ ಹೆದರಿದ್ದ.

ಡ್ರಾಯರಿನಲ್ಲಿ ಅಮ್ಮನಿಗೆಂದು ಇಟ್ಟುಕೊಂಡಿದ್ದ ಮಾತ್ರೆ ಕೊಟ್ಟಳು, ಅಮ್ಮ ತಕರಾರಿಲ್ಲದೆ ನೀರು ಕುಡಿದು ನುಂಗಿದಳು, ಇಪ್ಪತ್ತು ದಿನ ಅತ್ತು ಕರೆದು ಕಾಲಿಗೆ ಬಿದ್ದರೂ ಆಗದ ಕೆಲಸ, ಅಷ್ಟೇ ತಾನೇ ಬೇಕಿದ್ದದ್ದು, ಅಮ್ಮ ಬದುಕಿರುತ್ತಾಳೆ, ಆದರೆ ಆಮೇಲೆ, ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಜಡೆ ಹಾಕುವಾಗ ತಲೆಗೆ ಮೊಟಕುತ್ತಿದ್ದ ಅಮ್ಮ, ನಿನ್ನೆ ರಾತ್ರಿಯೂ ಮೊಂಡಿ ಎಂದು ಬೈದ ಅಮ್ಮ, ಕೈ ಮುಗಿದಳು, ಗುರುಗಳ ಕಡೆಗಲ್ಲ, ಅವಳ ಕಡೆಗೆ, ನಿನ್ನ ಹತ್ರ ಮಾತಾಡಿದ್ರಲ್ಲ, ನೀನೇ ಪುಣ್ಯವಂತೆ ಎಂದು, ಅವಳು ಹಿಂದೆ ಸರಿಯಬೇಕಿತ್ತು, ಬೇಡಮ್ಮ ಅನ್ನಬೇಕಿತ್ತು, ಅನ್ನಲಿಲ್ಲ, ಒಂದು ಗಳಿಗೆ, ಥೂ, ಒಂದೇ ಗಳಿಗೆ, ಹಿತವಾಗಿತ್ತು, ಅವರೆಲ್ಲ ಹೋದರು, ಸ್ಪಿರಿಟ್ ಬಟ್ಟೆ ಇನ್ನೂ ಕೈಯಲ್ಲಿದೆ, ನರ್ಸು ಕರೆಯುತ್ತಿದ್ದಾಳೆ, ಮೇಡಂ ಮುಂದಿನವರನ್ನ ಕಳಿಸ್ಲಾ, ಕಳಿಸು ಅನ್ನಬೇಕು, ನರ ಉಬ್ಬಿದ ಎರಡು ಕೈ, ಕಳಿಸು ಅನ್ನಬೇಕು, ಅಮ್ಮನ ಕೈ, ಒಂದಕ್ಕೊಂದು ಒತ್ತಿದ್ದು, ಅವಳ ಕಡೆಗೆ, ಅಮ್ಮನ ಕೈ