ಹಿಂದಿನ ಗಾಲಿಯ ಆವಾಜು

ಕಪ್ಪು ಎಣ್ಣೆ ಎಳೆಯಾಗಿ ತಗಡಿನ ಡಬ್ಬಿಗೆ ಇಳಿಯುತ್ತಿದೆ, ಅದರೊಳಗೆ ಬೆಳ್ಳಿಪುಡಿಯಂಥದೇನೋ ಮಿಂಚುತ್ತದೆ, ಕಬ್ಬಿಣ ಸವೆದು ಉದುರಿದ ಪುಡಿ, ಇಷ್ಟು ಸವೆಯುವ ತನಕ ವ್ಯಾನು ಸುಮ್ಮನಿದ್ದೀತೆ, ಒದರಿಯೇ ಇರಬೇಕು, ಒದರಿದೆಯಂತೆ — ಸಂಭಾಜಿನಗರದಿಂದ ನಾಶಿಕಕ್ಕೆ ಹೊರಟು ಸಿನ್ನರ್ ಹತ್ತಿರ ಬಂದಾಗ, ಹಿಂದೆ ಪೈಠಣಿ ಸೀರೆಯ ಗಂಟುಗಳ ನಡುವೆ ಕೂತಿದ್ದ ಹೆಂಡತಿ ಪ್ರೇಮಾಬಾಯಿ ವ್ಯಾನು ಓಡಿಸುತ್ತಿದ್ದ ವಿಶ್ವನಾಥಪ್ಪನ ಭುಜ ಹಿಡಿದು ಅಲುಗಿಸಿದ್ದಳು, ಗಾಡಿ ನಿಲ್ಲಸ್ರೀ, ಹಿಂದಿನ ಗಾಲಿ ಕಡೆ ಆವಾಜ ಬಾಳ ಆಗ್ಯದ, ಹೋದ ತಿಂಗಳೇ ಹೇಳೀನಿ, ನೀವು ಹೂಂ ಅಂದ್ರಿ. ವಿಶ್ವನಾಥಪ್ಪನಿಗೆ ನೆನಪಿಲ್ಲ, ಅಂದಿರಬಹುದು, ಈಚೆಗೆ ಹೂಂ ಅನ್ನುವುದು ಕೆಮ್ಮಿನಷ್ಟೇ ಸಲೀಸು. ಗ್ಯಾರೇಜಿನ ಮಾಳಪ್ಪ ವ್ಯಾನಿನಡಿಯಿಂದ ಹೊರಗೆ ಸರಿದ — ಆಳಂದದ ಕಡೆಯವನು, ಬೋರ್ಡು ಮರಾಠಿ, ಬಾಯಿ ನಮ್ಮದೇ — ಎಕ್ಸೆಲ್ಲಿನ ತುದಿಯಿಂದ ಕಳಚಿದ ಬೇರಿಂಗನ್ನು ಇವನ ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾನೆ, ಕೇಳ್ರಿ ಕಾಕಾ, ಹ್ಯಾಂಗ ಅಳತದ, ಇಷ್ಟು ದಿವಸ ಗೊತ್ತಾಗ್ಲಿಲ್ಲೇನು ಅನ್ನುತ್ತಾನೆ, ಗೊತ್ತಿತ್ತಪ್ಪ, ಟೈಮ್ ಸಿಗಲಿಲ್ಲ ಎಂದು ವಿಶ್ವನಾಥಪ್ಪ ಅಂದುಬಿಟ್ಟ, ಬೇರಿಂಗ್ ಇಸಿದುಕೊಂಡು ತಾನೇ ತಿರುಗಿಸಿದ, ಮರಳು ಸಿಕ್ಕಿದ ಹಾಗೆ ತಡೆತಡೆದು ತಿರುಗುತ್ತದೆ, ಹೌದು, ಕೆಟ್ಟಿದೆ, ಬೆರಳು ಸುಳ್ಳು ಹೇಳುವುದಿಲ್ಲ, ಕಣ್ಣು ಮುಚ್ಚಿ ಜರಿ ಸವರಿ ನಕಲಿ ಯಾವುದೆಂದು ಹೇಳಿದ ಬೆರಳು, ಅದನ್ನೇ ನಂಬಿ ಬೀದರಿನಿಂದ ಸಂಭಾಜಿನಗರಕ್ಕೆ ಬಂದು ಸೀರೆ ಮಾರಿ ಮುದುಕನಾದವನು, ಆದರೆ ಕಿವಿ — ಮೊದಲು ಹೋದದ್ದು ಕುಕ್ಕರಿನ ಸೀಟಿಯೋ ಮುಂಜಾನೆಯ ಗುಬ್ಬಿಯೋ, ಹೋಗುವಾಗ ಹೇಳಿ ಹೋಗಲಿಲ್ಲ, ಗುಬ್ಬಿ ಬಂದಿಲ್ಲ ಅಂದುಕೊಂಡ, ಓಣಿಯ ಗಿಡ ಕಡಿದರಲ್ಲ ಅದಕ್ಕೆ ಅಂದುಕೊಂಡ, ಫೋನು ಹಳೆಯದು, ಜನ ಈಗ ಬಾಯಿ ಬಿಟ್ಟು ಮಾತಾಡುವುದಿಲ್ಲ, ಕಾರಣ ಎಷ್ಟು ಬೇಕು.

ಹೊಸ ಬೇರಿಂಗ್ ಕೂರಿಸಿ, ಎಕ್ಸೆಲ್ ಒಳಗೆ ತಳ್ಳಿ, ಹೊಸ ಎಣ್ಣೆ ಸುರಿದು, ನಡೀರಿ ಕಾಕಾ ಒಂದು ಸುತ್ತು ನೋಡೋಣು ಎಂದು ಮಾಳಪ್ಪ ಪಕ್ಕದಲ್ಲಿ ಕೂತ, ಪ್ರೇಮಾ ಹಿಂದೆ ಗಂಟುಗಳ ನಡುವೆ, ಫ್ಯಾಕ್ಟರಿಗಳ ಗೇಟು ಒಂದೊಂದಾಗಿ ಹಿಂದೆ ಸರಿದವು, ಸ್ಟೇರಿಂಗು ಅಂಗೈಯಲ್ಲಿ ಹಗುರ, ಪಾದದಡಿ ನಡುಕವಿಲ್ಲ, ಹ್ಯಾಂಗದ ಈಗ ಎಂದು ಮಾಳಪ್ಪನ ತುಟಿ ಕೇಳಿತು, ಶಾಂತ ಆತು ನೋಡು, ಬೆಣ್ಣಿ ಆಗ್ಯದ ಅಂದ ವಿಶ್ವನಾಥಪ್ಪ, ಮನಸಾರೆ ಅಂದ. ಮಾಳಪ್ಪ ತಲೆ ಓರೆ ಮಾಡಿ ಕೂತಿದ್ದಾನೆ, ಕೇಳುವವರು ಹಾಗೆ ಕೂರುತ್ತಾರೆ, ತಾನೂ ಒಂದು ಕಾಲಕ್ಕೆ ಹಾಗೇ ಕೂರುತ್ತಿದ್ದ — ಕನ್ನಡಿಯಲ್ಲಿ ಪ್ರೇಮಾ ಕಣ್ಣು ಕೆಳಗೆ ಹಾಕಿದಳು, ಅಂದರೆ ಆವಾಜು ಹೋಗಿಲ್ಲ, ಈಗಲೂ ಇದೆ, ಈ ವ್ಯಾನಿನೊಳಗೇ ತುಂಬಿಕೊಂಡಿದೆ, ಇಬ್ಬರೂ ಅದರಲ್ಲಿ ಕೂತಿದ್ದಾರೆ, ತಾನೊಬ್ಬ ಹೊರಗೆ. ಬಾಳ ವರ್ಷದ ಗಾಡಿ, ಅವರಿಗೆ ರೂಢಿ ಆಗ್ಯದ ಎಂದೇನೋ ಅವಳು ಮಾಳಪ್ಪನಿಗೆ ಗಟ್ಟಿಯಾಗಿ ಹೇಳುತ್ತಿದ್ದಾಳೆ, ಗಂಡನ ಮಾನ ಮುಚ್ಚುತ್ತಿದ್ದಾಳೆ, ಎಷ್ಟು ದಿನದಿಂದ, ಯಾರ್‍ಯಾರ ಮುಂದೆ. ವ್ಯಾನನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ. ನನಗ ಕೇಳಸಂಗಿಲ್ಲ ಮಾಳಪ್ಪ, ನೀನೇ ಹೊಡಿ, ಅಂದ, ಇಳಿದು ಈ ಕಡೆಯ ಬಾಗಿಲಿಗೆ ಬಂದ, ಮಾಳಪ್ಪ ಸ್ಟೇರಿಂಗಿನ ಕಡೆ ಸರಿದ.

ಈಗ ಮಾಳಪ್ಪ ಮತ್ತೆ ಅಡಿಗೆ ಹೋಗಿದ್ದಾನೆ, ಗೇರಿನಿಂದ ಹಿಂದಿನ ಗಾಲಿಗೆ ಹೋಗುವ ಉದ್ದನೆ ಶಾಫ್ಟು ಬಿಚ್ಚಿ ನೆಲದ ಮೇಲೆ ಇಟ್ಟಿದ್ದಾನೆ, ಅದರಾಚೆಯ ಬೇರಿಂಗೂ ಹೋಗ್ಯದ, ಸಂಜೀಕ ಆಗತದ ಅಂದ. ಹಳೇ ಟಾಯರುಗಳ ಮೇಲೆ ಗಂಡ ಹೆಂಡತಿ ಕೂತರು. ಪ್ರೇಮಾ, ಮತ್ತೇನೇನ ಹೇಳಿದ್ದಿ ನೀ, ನಾ ಹೂಂ ಅಂದಿದ್ದು, ಅಂದ. ಬಾಳ ಅದಾವ್ರಿ ಎಂದು ನಕ್ಕಳು, ಆಮೇಲೆ ನಗಲಿಲ್ಲ, ಗಲ್ಲ ಹಿಡಿದು ಅವನ ಮುಖ ತನ್ನ ಕಡೆ ತಿರುಗಿಸಿಕೊಂಡಳು, ಹೋದ ಸಲ ನಾಶಿಕದಾಗ ನಮ್ಮ ಲತಾನ ಮಗಳು ಕೇಳತಿದ್ಳು, ಅಜ್ಜಗ ನನ್ನ ಮ್ಯಾಲ ಸಿಟ್ಟದ ಏನು, ನಾ ಮಾತಾಡಿದ್ರ ಸುಮ್ಮ ಕೂಡತಾನ. ರೂಪಾ. ದೀಪಾವಳಿಯಲ್ಲಿ ತೊಡೆಯ ಮೇಲೆ ಕೂತಿತ್ತು, ಏನೋ ದೊಡ್ಡ ಕತೆ ಹೇಳುತ್ತಿತ್ತು, ಕೈ ಆಡಿಸಿ ಆಡಿಸಿ, ಒಂದು ಅಕ್ಷರ ತಿಳಿಯಲಿಲ್ಲ, ಮಗೀಗ ಬರೇ ಇಂಗ್ಲಿಷ್ ಕಲಿಸೀರಿ, ಕನ್ನಡ ಎಲ್ಲಿಟ್ರಿ ಎಂದು ಮಗಳು ಲತಾನ ಮೇಲೆ ರೇಗಿದ್ದ, ಮಗು ಬಾಯಿ ಮುಚ್ಚಿತು — ಅವಳು ಕನ್ನಡದಾಗೇ ಹೇಳತಿದ್ಳುರಿ, ಅನ್ನುತ್ತಾಳೆ ಪ್ರೇಮಾ, ನಿಮ್ಮ ಸಲುವಾಗಿ ಕಲತು ಬಂದಿದ್ಳು — ಕನ್ನಡದಲ್ಲೇ, ಏನು ಹೇಳಿತ್ತು, ಯಾವ ಕತೆ, ಮುಂದಿನ ಹಲ್ಲು ಬಿದ್ದ ಸಣ್ಣ ಬಾಯಿ, ತೆರೆಯುತ್ತದೆ, ಮುಚ್ಚುತ್ತದೆ, ಹಲ್ಲಿಲ್ಲದ ಸಂದಿಯಲ್ಲಿ ನಾಲಿಗೆಯ ತುದಿ, ತೆರೆಯುತ್ತದೆ, ಇವನ ಮುಖ ನೋಡುತ್ತದೆ, ಮುಚ್ಚುತ್ತದೆ, ಆ ಬಾಯಿ, ಆವಾಜಿಲ್ಲ.