ಬುತ್ತಿಯಲ್ಲಿ ಕಾಳಿತ್ತು, ಕೈಯಲ್ಲಿ ಬಲವಿರಲಿಲ್ಲ

ಅವಳು ಗಂಡನ ಊಟ ಬದಲಾಯಿಸಿ ನಾಲ್ಕು ತಿಂಗಳಾಗಿತ್ತು. ಡಾಕ್ಟರಿಗೆ ಸಂತೋಷ. ಗರಗಸಕ್ಕೆ ಮಾತ್ರ ಸಂತೋಷವಿರಲಿಲ್ಲ.

ಯಂತ್ರದ ಬಾಯಿಗೆ ಹಿಡಿಸದಷ್ಟು ದಪ್ಪನೆಯ ದಿಮ್ಮಿಗಳು ಆ ಊರಿನಲ್ಲಿ ಇನ್ನೂ ಕೈಗರಗಸಕ್ಕೇ ಬರುತ್ತವೆ. ಮರ ಕೊಯ್ಯುವ ಕೊಟ್ಟಿಗೆಯ ನಡುವೆ ಆಳೆತ್ತರದ ಒಂದು ಗುಂಡಿ, ಅದರ ಮೇಲೆ ದಿಮ್ಮಿ. ದಿಮ್ಮಿಯ ಮೇಲೆ ನಿಂತು, ಗೆರೆ ತಪ್ಪದ ಹಾಗೆ ಗರಗಸವನ್ನು ಮೇಲಕ್ಕೆ ಎಳೆಯುವವನು ಮೇಲಾಳು. ಗುಂಡಿಯೊಳಗೆ ನಿಂತು ಕೆಳಕ್ಕೆ ಎಳೆಯುವವನು ಕೆಳಾಳು. ಮೇಲಾಳು ಅವಳ ಗಂಡ, ಕೆಳಾಳು ಅವಳ ಒಡಹುಟ್ಟಿದ ಅಣ್ಣ. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಗರಗಸದ ಎರಡು ತುದಿ ಹಿಡಿದವರು. ಒಬ್ಬನ ಕೈ ಸೋತರೆ ಇನ್ನೊಬ್ಬನಿಗೆ ಯಾರೂ ಹೇಳಬೇಕಾಗಿಲ್ಲ, ಹಿಡಿಯೇ ಹೇಳುತ್ತದೆ.

ಒಂದು ಸಂಜೆ ಅಣ್ಣ ತಲೆ, ಮೀಸೆ, ಹುಬ್ಬಿನ ತುಂಬ ಮರದ ಹೊಟ್ಟು ಮೆತ್ತಿಕೊಂಡೇ ಬಂದು ಅವಳ ಮನೆಯ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಳಿತ. ಅವಳು ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಗಂಡ ಇನ್ನೂ ಬಂದಿರಲಿಲ್ಲ.

"ನಿನ್ನ ಗಂಡನ ಕೈಲಿ ಗರಗಸ ಮೇಲಕ್ಕೆ ಬರ್ತಾ ಇಲ್ಲ ಕಣೇ," ಎಂದ ಅಣ್ಣ. "ನಾನು ಕೆಳಕ್ಕೂ ಎಳೀಬೇಕು, ಅವನಿಗೋಸ್ಕರ ಮೇಲಕ್ಕೂ ತಳ್ಳಬೇಕು. ನಾನು ಗುಂಡಿಗೆ ಇಳಿದಿರೋದು ಮರ ಕೊಯ್ಯೋಕೋ, ನಿನ್ನ ಗಂಡನ್ನ ಎತ್ತೋಕೋ?"

ಅವಳಿಗೆ ನಗು ಬಂತು. ಅಣ್ಣ ನಗಲಿಲ್ಲ.

"ನಗಬೇಡ. ಸೇತುವೆ ಹಲಗೆಗೆ ಅಂತ ಬಂದಿರೋ ದಿಮ್ಮಿಗಳಲ್ಲಿ ಇನ್ನೂ ಅರ್ಧ ಬಾಕಿ ಇವೆ. ಅವು ಮುಗಿಯೋ ತನಕ ನೋಡ್ತೀನಿ. ಆಮೇಲೂ ಹೀಗೇ ಇದ್ರೆ ಮೇಲೆ ಬೇರೆ ಆಳನ್ನ ನಿಲ್ಲಿಸಬೇಕಾಗುತ್ತೆ. ಇಲ್ಲಾ, ನೀನು ಈ ಸೊಪ್ಪು ಸದೆ ಬಿಟ್ಟು ಮೊದಲಿನ ಹಾಗೆ ಮಾಂಸದ ಪಾತ್ರೆ ಒಲೆ ಮೇಲಿಡು. ಮೇಕೆಗೆ ಹಾಕೋದನ್ನ ಹಾಕಿ, ಎತ್ತಿನ ಕೆಲಸ ಮಾಡು ಅಂದ್ರೆ ಆಗುತ್ತಾ?"

"ಎತ್ತು ಏನು ತಿನ್ನುತ್ತಣ್ಣ?"

ಅಣ್ಣ ಮೀಸೆಯ ಹೊಟ್ಟು ಕೊಡವಿಕೊಂಡ. "ನಿನ್ನ ಬಾಯಿಗೆ ನಾನು ಚಿಕ್ಕಂದಿನಿಂದಲೂ ಸೋತವನೇ," ಎನ್ನುತ್ತ ಎದ್ದು ಹೋದ.

ಮಾತಿನಲ್ಲಿ ಗೆದ್ದಳು, ನಿಜ. ಆದರೆ ಸೂಜಿ ಹಿಡಿದ ಕೈ ಮುಂದಕ್ಕೆ ಓಡಲಿಲ್ಲ. ನಾಲ್ಕು ತಿಂಗಳ ಹಿಂದೆ ಡಾಕ್ಟರು ಗಂಡನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಮುಖ ಸಣ್ಣದು ಮಾಡಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ರಕ್ತದೊತ್ತಡ ಹೆಚ್ಚು, ರಕ್ತದಲ್ಲಿ ಕೊಬ್ಬೂ ಹೆಚ್ಚು. "ಕೊಬ್ಬಿನ ಮಾಂಸ, ಇಷ್ಟು ಉಪ್ಪು, ಮೂರು ಹೊತ್ತೂ ಹೀಗೇ ನಡೆದರೆ ಹೃದಯ ತಡೆಯಲ್ಲ," ಎಂದಿದ್ದರು. ಮಾತ್ರೆ ಬರೆದುಕೊಟ್ಟು, ಊಟ ಬದಲಾಯಿಸಿ ಎಂದಿದ್ದರು. ಈಗ ಹಳೆಯ ಪಾತ್ರೆ ಒಲೆಗೇರಿದರೆ ಗಂಡನ ಜೀವಕ್ಕೆ ಅಪಾಯ, ಏರದಿದ್ದರೆ ಅವನ ಕಸುಬಿಗೆ.

ಬದಲಾಯಿಸುವುದೇನು ಸುಲಭವಾಗಿರಲಿಲ್ಲ. ಮೊದಲ ವಾರ ಗಂಡ ಮಾಂಸದ ತುಂಡುಗಳನ್ನು ಪಕ್ಕಕ್ಕಿಟ್ಟು, ಮೇಲೆ ಕೊಬ್ಬು ತೇಲುವ ಸಾರನ್ನು ಅನ್ನಕ್ಕೆ ಸುರಿದುಕೊಂಡು ಉಂಡ. ಕೇಳಿದರೆ, "ಡಾಕ್ಟರು ಮಾಂಸ ಬಿಡು ಅಂದ್ರು. ಸಾರಿನ ಸುದ್ದಿ ಎತ್ತಲೇ ಇಲ್ಲವಲ್ಲ," ಎಂದ. ಎರಡನೆಯ ವಾರ ಸಾರೂ ಹೋಯಿತು. ಅದರ ಜಾಗಕ್ಕೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಬಂತು. "ಇದೂ ತರಕಾರಿನೇ ತಾನೆ?" ಎಂದ. ಆರೋಗ್ಯ ಕೇಂದ್ರದ ನರ್ಸಮ್ಮ ಬಂದು, ಕರಿದದ್ದು ಬೇಡ, ಮಾಂಸದ ಜಾಗ ತುಂಬುವುದು ಕಾಳು ಬೇಳೆ ಎಂದು ತಿಳಿಸಿ ಹೇಳಿದ ಮೇಲೆ ಅಡುಗೆ ಒಂದು ದಾರಿಗೆ ಬಂತು. ಅಂದಿನಿಂದ ಅವಳು ರಾತ್ರಿ ಕಾಳು ನೆನೆಹಾಕಿ, ಮೊಳಕೆ ಬರಿಸಿ ಬೇಯಿಸುತ್ತಿದ್ದಳು. ಅದರ ಜೊತೆಗೆ ಒಂದು ಹಿಡಿ ಸೊಪ್ಪು, ಒಂದು ಬಟ್ಟಲು ಮೊಸರು, ಒಂದು ಹಿಡಿ ಹುರಿದ ಕಡಲೆಕಾಯಿ. ರಕ್ತದೊತ್ತಡ ಇಳಿಯಿತು. ನಡುಪಟ್ಟಿ ಎರಡು ತೂತು ಒಳಕ್ಕೆ ಸರಿಯಿತು.

ಅದಕ್ಕೇ ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯ. ಬುತ್ತಿಯ ಡಬ್ಬಿ ದಿನವೂ ಖಾಲಿಯಾಗಿಯೇ ಬರುತ್ತಿತ್ತು, ತಳ ಒರೆಸಿದ ಹಾಗೆ. ತಿಂದದ್ದು ಎಲ್ಲಿಗೆ ಹೋಗುತ್ತಿದೆ?

ಮರುದಿನ ನರ್ಸಮ್ಮ ಸೈಕಲ್ಲಿನಲ್ಲಿ ಆ ಬೀದಿಗೆ ಬಂದಾಗ ಅವಳು ಅದನ್ನೇ ಕೇಳಿದಳು. ಪಕ್ಕದ ಮನೆಯ ಅತ್ತೆಯೂ ಕಿವಿ ನೆಟ್ಟಗೆ ಮಾಡಿಕೊಂಡು ಬಂದು ನಿಂತಳು. ಊರಿನವರು ನರ್ಸಮ್ಮನಿಗೆ ಹಿಂದಿನಿಂದ 'ಪ್ರಶ್ನೆಯಕ್ಕ' ಎನ್ನುತ್ತಿದ್ದರು. ಒಂದು ಕೇಳಿದರೆ ಹತ್ತು ಕೇಳುವ ಹೆಂಗಸು.

"ತಲೆ ಸುತ್ತುತ್ತಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ? ಮಲದಲ್ಲಿ ರಕ್ತ ಹೋಗುತ್ತಾ? ಹೊಟ್ಟೆಹುಳಕ್ಕೆ ಮಾತ್ರೆ ತಗೊಂಡಿದಾರಾ? ಬಿ.ಪಿ. ಮಾತ್ರೆ ತಪ್ಪಿಸ್ತಿಲ್ಲ ತಾನೆ?"

"ಅಯ್ಯೋ, ಒಂದೊಂದಾಗಿ ಕೇಳಮ್ಮಾ, ಅವಳಿಗೂ ಏದುಸಿರು ಬಂದೀತು," ಎಂದಳು ಪಕ್ಕದ ಮನೆಯ ಅತ್ತೆ.

ಆ ಸಂಜೆಯೇ ನರ್ಸಮ್ಮ ಮೇಲಾಳಿನ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದಳು. ರಕ್ತ ಕಡಿಮೆಯಾಗಿತ್ತು. ನಾಲ್ಕು ತಿಂಗಳ ಹಿಂದೆ ಹದಿಮೂರರ ಮೇಲಿದ್ದ ಹಿಮೋಗ್ಲೋಬಿನ್ ಈಗ ಹತ್ತೂವರೆ. ಡಾಕ್ಟರ ಬಳಿ ಕಳಿಸಿದಳು. ಅವರು ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು. ಹುಳವಿಲ್ಲ, ಹೊಟ್ಟೆಯೊಳಗೆ ರಕ್ತಸ್ರಾವವಿಲ್ಲ. ಮೊದಲೇ ಕಡಿಮೆಯಿದ್ದ ಕಬ್ಬಿಣಾಂಶ ಇನ್ನೂ ತಗ್ಗಿದೆ, ಅಷ್ಟೇ. ಅದಕ್ಕೆ ಮಾತ್ರೆ ಬರೆದುಕೊಟ್ಟರು.

"ಹೇಳಿದ್ನಲ್ಲ!" ಎಂದ ಸುದ್ದಿ ಕೇಳಿ ಬಂದ ಅಣ್ಣ. "ಸೊಪ್ಪಿನಲ್ಲಿ ಸತ್ವ ಇಲ್ಲ."

"ಕಾಳಿನಲ್ಲೂ ಸೊಪ್ಪಿನಲ್ಲೂ ಕಬ್ಬಿಣಾಂಶ ಬೇಕಾದಷ್ಟಿದೆ," ಎಂದಳು ನರ್ಸಮ್ಮ. "ಅದು ಮೈಗೆ ಯಾಕೆ ಹತ್ತಿಲ್ಲ ಅನ್ನೋದು ಪ್ರಶ್ನೆ. ನಾಳೆ ಊಟದ ಹೊತ್ತಿಗೆ ಕೊಟ್ಟಿಗೆಗೆ ಬರ್ತೀನಿ." ಅವಳ ಕಡೆ ತಿರುಗಿ, "ನೀನೂ ಬಾ," ಎಂದಳು.

ಇಷ್ಟು ವರ್ಷ ಅವಳು ಬುತ್ತಿಯನ್ನು ಕೊಟ್ಟಿಗೆಯ ಬಾಗಿಲಲ್ಲೇ ಕೊಟ್ಟು ಮರಳಿದವಳು. ಒಳಗೆ ಕುಳಿತು ನೋಡಿದ್ದು ಅದೇ ಮೊದಲು. ಗರಗಸ ಏರುತ್ತಿತ್ತು, ಇಳಿಯುತ್ತಿತ್ತು. ಹಳದಿ ಹೊಟ್ಟು ಗಾಳಿಯಲ್ಲೆಲ್ಲ ಹಾರಿ ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಗಂಡ ಆಗಾಗ ನಿಂತು ಹಿಡಿಯ ಮೇಲೆ ಹಣೆಯಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದ. ಮನೆಯಲ್ಲಿ ಅವನು ಆಯಾಸ ಎಂದು ಒಂದು ದಿನವೂ ಹೇಳಿದ್ದಿಲ್ಲ.

ಊಟಕ್ಕೆ ಕುಳಿತರು. ಡಬ್ಬಿ ತೆರೆದದ್ದೇ ಗಂಡ ಪಕ್ಕದಲ್ಲಿದ್ದ ಫ್ಲಾಸ್ಕಿನಿಂದ ಲೋಟದ ತುಂಬ ಕಪ್ಪನೆಯ ಟೀ ಬಗ್ಗಿಸಿಕೊಂಡ. ಒಂದು ತುತ್ತು ಅನ್ನ, ಒಂದು ಗುಟುಕು ಟೀ. ಮತ್ತೆ ತುತ್ತು, ಮತ್ತೆ ಗುಟುಕು. ಕೈ ತೊಳೆದ ಮೇಲೆ ಮತ್ತೊಂದು ಲೋಟ.

ನರ್ಸಮ್ಮ ಮುಂದಕ್ಕೆ ಬಾಗಿದಳು. "ಯಾವಾಗಲೂ ಹೀಗೇನಾ?"

"ಗರಗಸದವರೆಲ್ಲ ಹೀಗೇ," ಎಂದ ಗಂಡ. "ಹೊಟ್ಟು ಗಂಟಲಿಗೆ ಅಂಟ್ಕೊಂಡಿರುತ್ತೆ. ಬಿಸಿ ಟೀ ಇಲ್ಲದೆ ತುತ್ತು ಕೆಳಗಿಳಿಯಲ್ಲ. ನಮ್ಮಪ್ಪನೂ ಹೀಗೇ ಉಂಡಿದ್ದು."

"ಇಷ್ಟೊಂದು ಕಡುವಾಗಿ?"

"ಮೊದಲು ಇಷ್ಟು ಕಡು ಇರಲಿಲ್ಲ. ಇತ್ತೀಚೆಗೆ ಇವಳೇ..."

ಅವನ ಮಾತು ಮುಗಿಯುವ ಮೊದಲೇ ಅವಳು ಫ್ಲಾಸ್ಕಿನ ಕಡೆ ನೋಡಿದಳು. "ನಾನೇ," ಎಂದಳು. "ಸುಸ್ತು ಕಾಣ್ತಿತ್ತು ಅಂತ ಟೀ ಪುಡಿ ಜಾಸ್ತಿ ಹಾಕ್ತಾ ಬಂದೆ. ಸುಸ್ತು ಹೆಚ್ಚಾದ ಹಾಗೆ ಪುಡಿನೂ ಹೆಚ್ಚು ಮಾಡಿದೆ. ತಪ್ಪಾಯ್ತಾ ಅಕ್ಕಾ?"

"ಪ್ರೀತಿಯಿಂದ ಮಾಡಿದೆಯಮ್ಮ, ಗೊತ್ತಿರಲಿಲ್ಲ ಅಷ್ಟೇ," ಎಂದಳು ನರ್ಸಮ್ಮ. ಫ್ಲಾಸ್ಕನ್ನು ಎತ್ತಿ ದೂರ ಇಟ್ಟಳು. "ಟೀಲಿ ಒಂದು ಒಗರಿದೆಯಲ್ಲ, ಅದು ಕಾಳು ಸೊಪ್ಪಿನ ಕಬ್ಬಿಣಾಂಶವನ್ನ ಹೊಟ್ಟೇಲೇ ಹಿಡ್ಕೊಂಡು ಬಿಡುತ್ತೆ. ರಕ್ತಕ್ಕೆ ಸೇರೋಕೆ ಬಿಡಲ್ಲ. ಕಾಫೀನೂ ಹಾಗೇ. ನೀನು ಡಬ್ಬಿ ತುಂಬ ಕಳಿಸ್ತೀಯ, ಈ ಲೋಟ ಬಾಗಿಲಲ್ಲಿ ನಿಂತು ಅದನ್ನ ವಾಪಸ್ ಕಳಿಸುತ್ತೆ."

ಗುಂಡಿಯ ಅಂಚಿನಲ್ಲಿ ಕುಳಿತು ಉಣ್ಣುತ್ತಿದ್ದ ಅಣ್ಣ ಬಿಡಲಿಲ್ಲ. "ಹದಿನೆಂಟು ವರ್ಷದಿಂದ ಇದೇ ಟೀ ಕುಡಿತಾ ಇದೀವಿ. ಆವಾಗ ಇಲ್ಲದ್ದು ಈಗ ಎಲ್ಲಿಂದ ಬಂತು? ನಾನೂ ಕುಡಿತೀನಿ, ನನಗೇನೂ ಆಗಿಲ್ಲವಲ್ಲ."

"ಮಾಂಸದ ಕಬ್ಬಿಣಾಂಶಕ್ಕೆ ಟೀ ಅಷ್ಟಾಗಿ ಅಡ್ಡ ಬರಲ್ಲ. ಕಾಳು ಸೊಪ್ಪಿನದಕ್ಕೆ ಬರುತ್ತೆ. ಆದ್ರೆ ಅದಕ್ಕೆ ದಾರಿನೂ ಇದೆ. ಊಟದ ಜೊತೆ ಸಿ ಜೀವಸತ್ವ ಇರೋ ಹಣ್ಣು ಸೇರಿಸಿದ್ರೆ ಅದೇ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು, ಯಾವುದಾದ್ರೂ ಸರಿ." ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದಿರಲಿ, ನಿಮಗೇನೂ ಆಗಿಲ್ಲ ಅಂತ ಹೇಗೆ ಗೊತ್ತು? ಬಿ.ಪಿ. ನೋಡಿಸಿ ಎಷ್ಟು ದಿನ ಆಯ್ತು?"

"ಮದುವೆಗೆ ಮುಂಚೆ ನೋಡಿಸಿದ್ದೆ. ಆಮೇಲೆ ನೋಡೋ ಧೈರ್ಯ ಬರಲಿಲ್ಲ."

ಕೊಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು.

"ಗಂಟಲಿನ ಹೊಟ್ಟಿಗೆ ಏನು ಮಾಡ್ಲಿ?" ಗಂಡನ ಚಿಂತೆ ಅಲ್ಲಿಯೇ ಇತ್ತು.

"ಕೆಲಸ ಮಾಡುವಾಗ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಕೊಳ್ಳಿ, ಹೊಟ್ಟು ಒಳಗೇ ಹೋಗಲ್ಲ. ಉಣ್ಣೋ ಮೊದಲು ಬಾಯಿ ಮುಕ್ಕಳಿಸಿ. ಊಟದ ಜೊತೆ ಬಿಸಿನೀರಿಗೆ ನಿಂಬೆ ಹಿಂಡ್ಕೊಂಡು ಕುಡೀರಿ. ಟೀ ಬಿಡಿ ಅನ್ನಲ್ಲ. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲಾ ಒಂದೆರಡು ಗಂಟೆ ಆದ್ಮೇಲೆ ಕುಡೀರಿ. ಡಾಕ್ಟರು ಕೊಟ್ಟಿರೋ ಕಬ್ಬಿಣದ ಮಾತ್ರೆನೂ ಟೀ ಜೊತೆ ನುಂಗಬೇಡಿ."

ಗಂಡ ಮೇಲೆ ನೋಡಿದ, ಕೆಳಗೆ ನೋಡಿದ. "ನುಂಗ್ತಾ ಇರೋದು ಟೀ ಜೊತೆಗೇ," ಎಂದ.

ಅವಳು ಮನೆಗೆ ಬಂದವಳೇ ಫ್ಲಾಸ್ಕನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಮರುದಿನ ಅದರಲ್ಲಿ ಬಿಸಿನೀರು ಹೋಯಿತು, ಡಬ್ಬಿಯ ಪಕ್ಕದಲ್ಲಿ ಎರಡು ಹೋಳು ನಿಂಬೆ. ಮೂರು ದಿನ ಗಂಡ ಮುಖ ಗಂಟಿಕ್ಕಿಕೊಂಡಿದ್ದ. ಟೀ ಇಲ್ಲದ ಊಟ ಊಟದ ಹಾಗೇ ಇಲ್ಲ ಎಂದು ಗೊಣಗಿದ. ನಾಲ್ಕು ಗಂಟೆಗೆ ಟೀ ಕೈಗೆ ಬಂದಾಗ ಅದನ್ನು ಕಣ್ಣು ಮುಚ್ಚಿ ಕುಡಿದ. ನೆಂಟರು ಬಂದಷ್ಟು ಖುಷಿ ಅವನಿಗೆ.

ಬಲ ಒಂದೇ ದಿನಕ್ಕೆ ಬರಲಿಲ್ಲ. ಎರಡು ವಾರ ಕಳೆದ ಮೇಲೆ ಏದುಸಿರು ಕಡಿಮೆಯಾಯಿತು. ಆರನೆಯ ವಾರ ನರ್ಸಮ್ಮ ಮತ್ತೆ ಬೆರಳು ಚುಚ್ಚಿದಳು. ಹನ್ನೆರಡು ದಾಟಿತ್ತು. ರಕ್ತದೊತ್ತಡವೂ ಇಳಿದಲ್ಲೇ ನಿಂತಿತ್ತು.

ಸೇತುವೆಯ ಕೊನೆಯ ದಿಮ್ಮಿಯನ್ನು ಕೊಯ್ಯುವ ದಿನ ಅವಳು ಬುತ್ತಿ ಹಿಡಿದು ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಹೋದಳು. ಗರಗಸದ ಸದ್ದು ಒಂದೇ ಸಮನೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಗುಂಡಿಯೊಳಗಿಂದ ಅಣ್ಣನ ಕೂಗು ಕೇಳಿತು.

"ನಿಲ್ಸಯ್ಯಾ! ಸ್ವಲ್ಪ ನಿಲ್ಸು! ನನ್ನ ತೋಳು ಕಿತ್ಕೊಂಡು ಹೋಗ್ತೀಯೇನು?"

ಗಂಡ ನಿಲ್ಲಿಸಿ, ಬಾಗಿ ಗುಂಡಿಯೊಳಗೆ ನೋಡಿದ. "ಏನು ಭಾವ, ಮೇಲಕ್ಕೆ ಬೇರೆ ಆಳು ಹುಡುಕಿದ್ಯಾ?"

"ಹುಡುಕ್ತೀನಿ. ಕೆಳಕ್ಕೆ!"

ಅಣ್ಣ ಏಣಿ ಹತ್ತಿ ಬಂದ. ಬೆವರು ಒರೆಸಿಕೊಂಡು ತಂಗಿಯ ಕೈಯ ಡಬ್ಬಿ ನೋಡಿದ. ಆಮೇಲೆ ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ: "ನಿನ್ನೆ ನರ್ಸಮ್ಮನ ಹತ್ರ ಪಟ್ಟಿ ಕಟ್ಟಿಸ್ಕೊಂಡೆ. ನನಗೂ ಬಿ.ಪಿ. ಜಾಸ್ತಿ ಇದೆಯಂತೆ. ನಾಳೆ ಡಾಕ್ಟರ ಹತ್ರ ಹೋಗ್ತೀನಿ. ಆ ಕಾಳು ನೀನು ಹೇಗೆ ಮಾಡ್ತೀಯ?"

"ಅತ್ತಿಗೆನ ಸಂಜೆ ಕಳಿಸು, ಹೇಳಿಕೊಡ್ತೀನಿ," ಎಂದಳು ಅವಳು. "ನೀನೂ ಜೊತೆಗೆ ಬಾ. ಕಾಳು ನೆನೆಹಾಕೋಕೆ ಗಂಡಸರ ಕೈಯೂ ಆಗುತ್ತೆ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಾಂಸ ಬಿಟ್ಟು ಬದುಕಬಹುದೇ, ದುಡಿಯಬಹುದೇ ಎಂದು ನಿಮಗೂ ಅನಿಸಿರಬಹುದು. ಧಾರಾಳವಾಗಿ ದುಡಿಯಬಹುದು. ಆದರೆ ತಟ್ಟೆಯಿಂದ ಒಂದನ್ನು ತೆಗೆದರೆ ಆ ಜಾಗವನ್ನು ಬರೀ ಅನ್ನದಿಂದಲೋ ಕರಿದದ್ದರಿಂದಲೋ ತುಂಬಬೇಡಿ. ದಿನವೂ ಕಾಳು ಬೇಳೆ, ಸೊಪ್ಪು ತರಕಾರಿ, ಹಣ್ಣು, ಒಂದು ಹಿಡಿ ಕಡಲೆಕಾಯಿಯಂಥ ಬೀಜ ಇರಲಿ. ಉಪ್ಪು, ಎಣ್ಣೆ ಹಿತಮಿತವಾಗಿರಲಿ. ಹಾಲು ಮೊಸರನ್ನೂ ಬಿಡುವವರು ಬಿ-ಹನ್ನೆರಡು ಎಂಬ ಜೀವಸತ್ವದ ಮಾತ್ರೆಯ ಬಗ್ಗೆ ಡಾಕ್ಟರನ್ನು ತಪ್ಪದೆ ಕೇಳಿ, ಅದು ಕಾಳು ಸೊಪ್ಪಿನಲ್ಲಿ ಸಿಗುವುದಿಲ್ಲ. ಬಸುರಿಯರು, ಮಕ್ಕಳು, ಕಾಯಿಲೆಯವರು ಊಟ ಬದಲಾಯಿಸುವ ಮೊದಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತಾಡಿ. ನಡೆಯುತ್ತಿರುವ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸುಸ್ತಾದರೆ ಊಟವನ್ನು ಬೈಯುವ ಮೊದಲು ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ.

ಇವತ್ತು ಊಟಕ್ಕೆ ಕುಳಿತಾಗ ನಿಮ್ಮ ತಟ್ಟೆಯಲ್ಲಿ ಏನಿದೆ ನೋಡಿ. ಹಾಗೆಯೇ ಪಕ್ಕದ ಲೋಟದಲ್ಲಿ ಏನಿದೆ ಎಂದೂ ನೋಡಿ.