ಗುಡ್ ಅಂದರಲ್ಲ

ಕಿಟಕಿಯ ಕಂಬಿಗೆ ಹಣೆ ತಾಗಿದಾಗಲೆಲ್ಲ ಒಂದು ಸಣ್ಣ ನಡುಕ, ಅದು ಬಸ್ಸಿನದೋ ತನ್ನದೋ ಶರೀಫಾಳಿಗೆ ತಿಳಿಯುತ್ತಿಲ್ಲ, ಬಲಾಯಿಪಾದೆ ದಾಟಿತು, ಉಡುಪಿ ಹಿಂದೆ ಬಿತ್ತು, ಕೂಸಪ್ಪಣ್ಣನ ಬಟ್ಟೆ ಅಂಗಡಿ, ಮೇಜಿನ ಮೇಲಿನ ಆ ಕಪ್ಪು ಫೋನು, ಹೊಸ ಬಟ್ಟೆಯ ಗಂಜಿ ವಾಸನೆ ಎಲ್ಲ ಹಿಂದೆ ಬಿತ್ತು, ಆದರೆ ಕಿವಿಯೊಳಗೆ ಆ ಲೈನು ಇನ್ನೂ ಮೊರೆಯುತ್ತಲೇ ಇದೆ — ಹೀ ವಾಸ್ ಎ ಗುಡ್ ಮ್ಯಾನ್, ಮೇಡಂ, ಎ ವೆರಿ ಗುಡ್ ಮ್ಯಾನ್ — ಪಕ್ಕದಲ್ಲಿ ಮಾಮ, ಗಂಡನ ಅಪ್ಪ ಶೇಕಬ್ಬ, ಮಡಿಲಲ್ಲಿ ಬಾಳೆಲೆಯಲ್ಲಿ ಕಟ್ಟಿಸಿದ ಮಲ್ಲಿಗೆ ಇಟ್ಟುಕೊಂಡು ನಗುತ್ತಿದ್ದಾರೆ, ವೀಳ್ಯದ ಕೆಂಪು ಬಾಯಿ ತೆರೆದು, ಮೇಲಿನ ಸಾಲಿನಲ್ಲಿ ಹಲ್ಲು ಬಿದ್ದ ಜಾಗ ಕಾಣುವಷ್ಟು ನಗು, ಯಾರನ್ನೂ ನೋಡಿ ಅಲ್ಲ, ಸುಮ್ಮನೆ, ಎದುರಿನ ಸೀಟಿನ ಬೆನ್ನನ್ನು ನೋಡಿ. ಅರ್ಧ ನಿನಗೆ, ಅರ್ಧ ನಿನ್ನ ಮಾಮಿಗೆ, ರುಕಿಯಮ್ಮ ಹೂ ಮುಡಿಯದೆ ಎಷ್ಟು ಕಾಲವಾಯಿತು ಮಗಳೇ, ಇವತ್ತು ಮುಡಿಯಲಿ. ಇವತ್ತು. ಕಾಪುವಿನ ಮನೆಗೆ ಫೋನಿಲ್ಲ, ಅದಕ್ಕೇ ಪ್ರತಿ ತಿಂಗಳ ಮೊದಲ ಶುಕ್ರವಾರ ಸಂಜೆ ಹಸೈನಾರ್ ಶಾರ್ಜಾದಿಂದ ಕೂಸಪ್ಪಣ್ಣನ ಅಂಗಡಿಗೆ ಮಾತಾಡುತ್ತಾನೆ, ಮಾವ ಸೊಸೆ ಬಸ್ಸು ಹಿಡಿದು ಬಂದು ಸ್ಟೂಲಿನ ಮೇಲೆ ಕಾಯುತ್ತಾರೆ, ಇವತ್ತೂ ಗಂಟೆ ಬಡಿಯಿತು, ಮಾಮ ಹಲೋ ಮೋನೇ, ಮಗನೇ ಅಂದರು, ಆಮೇಲೆ ಮುಖ ಸಣ್ಣದು ಮಾಡಿ ರಿಸೀವರನ್ನು ಅವಳತ್ತ ಚಾಚಿದರು, ಎಂತದೋ ಇಂಗ್ಲಿಷ್, ನೀನೇ ಮಾತಾಡು, ನೀನು ಕಲಿತಿದ್ದೀಯಲ್ಲ. ಕಂಪೆನಿಯ ಸಾಹೇಬರಂತೆ, ಹಸೈನಾರ್ ಅನ್ನುವುದನ್ನು ಹುಸೇನರ್ ಅನ್ನುತ್ತಿದ್ದರು, ಟ್ಯೂಸ್‌ಡೇ ಅಂದದ್ದು ಕೇಳಿತು, ಸೈಟ್, ಹಸೈನಾರ್ ದುಡಿಯುವ ಜಾಗ, ಅಂದದ್ದು ಕೇಳಿತು, ನಡುವೆ ಅಲೆ ಬಂದು ಎಲ್ಲ ಮುಳುಗಿ ಮತ್ತೆ ಒಂದೇ ಮಾತು ತೇಲಿತು, ಅವಳು ಕೂಗಿದಳು, ಗುಡ್? ಗುಡ್ ಮ್ಯಾನ್? ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದಳು, ಯೆಸ್ ಸರ್, ಥ್ಯಾಂಕ್ಯೂ ಸರ್ — ಥ್ಯಾಂಕ್ಯೂ ಅಂದಳು, ಯಾ ಅಲ್ಲಾಹ್, ಥ್ಯಾಂಕ್ಯೂ ಅಂದಳು — ಲೈನು ಕಡಿಯಿತು.

ಗುಡ್ ಅಂದರಲ್ಲ ಬ್ಯಾರಿಗಳೇ, ಮತ್ತೆಂತ ಬೇಕು, ಸಾಹೇಬರೇ ಫೋನ್ ಮಾಡಿ ಮಗನನ್ನು ಹೊಗಳುವುದು ಅಂದರೆ ಸಣ್ಣ ಸಂಗತಿಯಾ, ಕೂಸಪ್ಪಣ್ಣ ಸೋಡಾ ತರಿಸಿದ, ಅವಳು ಸೋಡಾ ಕುಡಿದಳು, ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು, ಎಲ್ಲರೂ ಅದನ್ನು ಸಂತೋಷದ ನೀರು ಅಂದುಕೊಂಡರು. ಗುಡ್ ಯಾರಿಗೆ ಗೊತ್ತಿಲ್ಲ, ಮೀನು ಮಾರುವವರಿಗೂ ಗೊತ್ತು, ಗುಡ್ ಮಾರ್ನಿಂಗ್, ಗುಡ್ ಬಾಯ್, ವೀಸಾಕ್ಕೆ ಮೊದಲು ಮಣಿಪಾಲದಲ್ಲಿ ಎದೆಯ ಫೋಟೋ ತೆಗೆಸಿಕೊಂಡು ಬಂದ ಹಸೈನಾರ್ ಮೆಟ್ಟಿಲಲ್ಲೇ ಎದೆ ತಟ್ಟಿ ತೋರಿಸಿದ್ದ, ಡಾಕ್ಟರು ಗುಡ್ ಅಂದರು, ಕೇಳು, ಕಿವಿ ಇಟ್ಟು ಕೇಳು, ಅವಳು ಅಂಗಿಯ ಮೇಲೆ ಕಿವಿ ಇಟ್ಟಳು, ಬೆವರು, ಬೀಡಿ, ಮತ್ತೆ ಆ ದಡದಡ — ಗುಡ್ ಅನ್ನುವುದಕ್ಕಿಂತ ಮೊದಲು ಬರುವ ಸಣ್ಣ ಶಬ್ದ ಮಾತ್ರ ಇವರಿಗೆ ಯಾರಿಗೂ ಗೊತ್ತಿಲ್ಲ, ಅದು ಅವಳೊಬ್ಬಳಿಗೇ ಗೊತ್ತು. ಸ್ವರ್ಣಲತಾ ಟೀಚರ್ ಕಲಿಸಿದ್ದು, ಕಾರ್ಕಳದಿಂದ ಕಾಪುವಿಗೆ ಮದುವೆಯಾಗಿ ಬಂದವರು, ಪಕ್ಕದ ಹಿತ್ತಿಲು, ಮಧ್ಯಾಹ್ನ ಊಟವಾದ ಮೇಲೆ ಅವರ ಜಗಲಿಯಲ್ಲಿ ಪಾಠ, ನೀನು ಶಾರ್ಜಾಕ್ಕೆ ಬರುವಾಗ ವಿಮಾನದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಬೇಕು, ಕಲಿ, ಅಂದಿದ್ದ ಹಸೈನಾರ್. ನಮ್ಮಲ್ಲಿ ಅವನು ಒಳ್ಳೆಯವನು ಅಂದರೆ ಮುಗಿಯಿತು ಶರೀಫಾ, ಅನ್ನುತ್ತಿದ್ದರು ಟೀಚರು, ಇಂಗ್ಲಿಷಿನಲ್ಲಿ ಹಾಗೆ ಬಿಡುವುದಿಲ್ಲ, ಈಸ್ ಹಾಕಬೇಕು, ಇಲ್ಲ ವಾಸ್ ಹಾಕಬೇಕು. ದ ಮಿಲ್ಕ್ ವಾಸ್ ಗುಡ್, ಈಗ ಒಡೆದು ಹೋಗಿದೆ. ದ ರೋಡ್ ವಾಸ್ ಗುಡ್, ಮಳೆಯಲ್ಲಿ ಹೊಂಡ ಬಿತ್ತು. ಹಾಗಾದರೆ ವಾಸ್ ಗುಡ್ ಅಂದರೆ ಈಗ ಕೆಟ್ಟಿದೆ ಅಂತಲಾ ಟೀಚರೇ? ಯಾವಾಗಲೂ ಅಲ್ಲ, ದ ಪಿಕ್ಚರ್ ವಾಸ್ ಗುಡ್ ಅಂದರೆ ಪಿಕ್ಚರ್ ಕೆಟ್ಟಿತು ಅಂತಲ್ಲ, ಮುಗಿಯಿತು, ನಾವು ಎದ್ದು ಬಂದೆವು, ಅಷ್ಟೇ.

ಅಷ್ಟೇ ಇರಲಿ, ಉದ್ಯಾವರದ ಸೇತುವೆ, ಕೆಳಗೆ ಹೊಳೆ ಕಂದು ಬಣ್ಣಕ್ಕೆ ತಿರುಗಿದೆ, ಅಷ್ಟೇ ಇರಲಿ, ಕಂಪೆನಿ ಬಿಟ್ಟಿರಬಹುದು, ಬೇರೆ ಕಂಪೆನಿಗೆ ಹೋಗಿರಬಹುದು, ನಮ್ಮಲ್ಲಿದ್ದಾಗ ಒಳ್ಳೆಯವನಿದ್ದ ಮೇಡಂ, ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಹಾಗೆ ಹೇಳಿರಬಹುದು, ಅಥವಾ ಕದ್ದಿರಲಿ, ಕುಡಿದಿರಲಿ, ಜೈಲಿಗೆ ಹಾಕಿರಲಿ, ಹಾಲಿನ ಹಾಗೆ ಒಡೆದು ಹೋಗಿರಲಿ, ಇನ್ನೊಬ್ಬಳನ್ನು ಕಟ್ಟಿಕೊಂಡಿರಲಿ, ಒಳ್ಳೆಯವನಿದ್ದ ಈಗ ಹಾಳಾದ, ಅವಳು ಆ ಹಾಳಾದವನನ್ನು ಮನಸ್ಸಿನಲ್ಲಿ ನಿಲ್ಲಿಸಿ ನೋಡಿದಳು, ಗಡ್ಡ ಬಿಟ್ಟ, ಬೈಯುವ, ಹೊಡೆಯುವ ಹಸೈನಾರ್, ಬಾ, ಬಂದು ಹೊಡಿ, — ಆದರೆ ಮನುಷ್ಯರಿಗೆ ವಾಸ್ ಹಾಕಿದ್ದು ಟೀಚರು ಒಂದೇ ಸಲ. ಮೈ ಫಾದರ್ ವಾಸ್ ಎ ಗುಡ್ ಮ್ಯಾನ್, ಅಂದು ಕತ್ತು ಎತ್ತಿ ಗೋಡೆಯ ಫೋಟೋ ನೋಡಿದರು, ಫೋಟೋದ ಮೇಲೆ ಗಂಧದ ಹಾರ, ಧೂಳು, ಬರೆಯುತ್ತಿದ್ದ ಶರೀಫಾ ಕೈ ನಿಲ್ಲಿಸಿದಳು, ಟೀಚರು ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡು, ಹೂಂ, ಮುಂದಿನದು ಹೇಳು, ಅಂದರು. ಟ್ಯೂಸ್‌ಡೇ ಅಂದರೆ ಮಂಗಳವಾರ. ಮಂಗಳವಾರ ಅವಳು ಎಂತ ಮಾಡುತ್ತಿದ್ದಳು, ಬಂಗುಡೆ ಮೀನು ತೊಳೆಯುತ್ತಿದ್ದಳು, ಮಾಮಿ ಎಂತದೋ ಹೇಳಿ ನಗಿಸಿದರು, ನಕ್ಕಳು, ಮಂಗಳವಾರ ನಕ್ಕಳು.

ಎಂತ ಬ್ಯಾರಿಗಳೇ, ಭಾರೀ ಖುಷಿಯಲ್ಲಿದ್ದೀರಿ, ಉದ್ಯಾವರದಲ್ಲಿ ಹತ್ತಿದ ವ್ಯಾಲೆಂಟೈನ್ ಮೇಲಿನ ಕಂಬಿ ಹಿಡಿದು ಬಾಗಿ ಕೇಳಿದರು, ಬೊಂಬಾಯಿಯ ಆಫೀಸಿನಲ್ಲಿ ದುಡಿದು ಊರಿಗೆ ಮರಳಿದವರು, ಮಾಮನ ಹಳೆಯ ಪರಿಚಯ. ಖುಷಿಯಾಗದೆ ಮತ್ತೆ, ನನ್ನ ಮಗನ ಕಂಪೆನಿಯ ಸಾಹೇಬರೇ ಫೋನ್ ಮಾಡಿ ಹೊಗಳಿದರು ಮಾರಾಯ್ರೇ, ಇವಳೇ ಮಾತಾಡಿದ್ದು, ನಮಗೆಂತ ಗೊತ್ತಾಗುತ್ತದೆ, ಹೇಳು ಮಗಳೇ, ಸಾಹೇಬರು ಹೇಳಿದ ಹಾಗೆಯೇ ಹೇಳು, ಇವರಿಗೆ ಇಂಗ್ಲಿಷ್ ಬರುತ್ತದೆ. ಕಟಪಾಡಿ, ಕಟಪಾಡಿ, ಇಳಿಯುವವರು ಮುಂದೆ ಬನ್ನಿ, ಕಂಡಕ್ಟರನ ಸೀಟಿ, ಈಸ್ ಅಂದುಬಿಟ್ಟರೆ ಆಯಿತು, ಒಂದು ಸಣ್ಣ ಶಬ್ದ, ಈಸ್ ಎ ಗುಡ್ ಮ್ಯಾನ್, ಬಾಯಿಯೊಳಗೆ ತಯಾರಾಗಿಯೇ ಉಂಟು, ಈಸ್ ಅಂದರೆ ಪಾಂಗಾಳದವರೆಗೆ ಬದುಕಿರುತ್ತಾನೆ, ಕಾಪುವಿನವರೆಗೆ ಬದುಕಿರುತ್ತಾನೆ, ಮಾಮಿ ಒಂದು ಸಲ ಹೂ ಮುಡಿಯುವವರೆಗೆ — ಹೇಳು ಮಗಳೇ, ನಾಚಿಕೆ ಎಂತಕ್ಕೆ — ನಾಲಿಗೆ ಎದ್ದಿತು, ಕಿವಿ ಕೇಳಿದ್ದನ್ನೇ ಹೇಳಿತು. ಹೀ ವಾಸ್ ಎ ಗುಡ್ ಮ್ಯಾನ್.

ವಾಸ್? ವ್ಯಾಲೆಂಟೈನ್ ತಗ್ಗಿದ ದನಿಯಲ್ಲಿ ಕೇಳಿದರು, ಅವಳ ಕಣ್ಣನ್ನೇ ನೋಡಿ ಕೇಳಿದರು. ವಾಸ್, ಅಂದಳು, ಇಷ್ಟು ಹೊತ್ತು ಅವಳೊಬ್ಬಳದೇ ಆಗಿದ್ದ ಶಬ್ದ ಈಗ ಇಬ್ಬರದಾಯಿತು, ಕಂಬಿ ಹಿಡಿದ ಅವರ ಕೈ ಜಾರಿತು, ಮತ್ತೆ ಹಿಡಿಯಿತು, ಅವರು ಮೆಲ್ಲಗೆ ಮಾಮನ ಹೆಗಲ ಮೇಲೆ ಕೈ ಇಟ್ಟರು, ಬಸ್ಸು ಹೊರಟಿತು, ಮಾಮ ಆ ಕೈಯನ್ನು ನೋಡಿದರು, ಸೊಸೆಯನ್ನು ನೋಡಿದರು, ಎಂತ ಅದು, ಕನ್ನಡದಲ್ಲಿ ಹೇಳಿ ಮಾರಾಯ್ರೇ, ನನಗೂ ಸ್ವಲ್ಪ ಕೇಳಲಿ, ಅಂದು ಮುಖ ಮೇಲೆತ್ತಿ ಕಾಯುತ್ತಿದ್ದಾರೆ, ಆ ನಗು ಇನ್ನೂ ಇಳಿದಿಲ್ಲ, ಕೆಂಪು ಬಾಯಿ, ಹಲ್ಲು ಬಿದ್ದ ಆ ಜಾಗ, ಆ ನಗು, ಇನ್ನೂ ಇಳಿದಿಲ್ಲ